ಬಾಯಿಂದ ಬಾರು ತುಂಬುವ ಬಂದೂಕು: ದುರಸ್ತಿಗಿಂತ ಜೋಪಾನ ಮೇಲು

ನಳಿಗೆಯ ಬಾಯಿಂದಲೇ ಮದ್ದು ಸುರಿದು, ಅದರ ಮೇಲೆ ಬಟ್ಟೆಯ ಅಥವಾ ನಾರಿನ ತುಣುಕನ್ನೊತ್ತಿ, ಗುಂಡನ್ನೋ ಚರೆಯನ್ನೋ ಇಳಿಸಿ, ಗಜ ಎಂಬ ಉದ್ದನೆಯ ಕಡ್ಡಿಯಿಂದ ಜಡಿದು ಹಾರಿಸುವ ಬಂದೂಕು ದಖ್ಖನಿನಲ್ಲಿ ಹದಿನಾರನೆಯ ಶತಮಾನದಿಂದ ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೂ ಬಳಕೆಯಲ್ಲಿತ್ತು. ಮರಾಠಿಯಲ್ಲಿ ಠಾಸಣಿಯ ಬಂದೂಕು ಎನಿಸಿಕೊಳ್ಳುವ, ಮಲೆನಾಡಿನಲ್ಲಿ ಕೇಪಿನ ಕೋವಿಯ ರೂಪದಲ್ಲಿ ಇಂದಿಗೂ ತೋಟ ಕಾಯುವ ಈ ಆಯುಧದ ಇತಿಹಾಸವನ್ನು ತಿಳಿಯಲು ನಾಗಣಸೂರಿನ ಸುತ್ತಲಿನ ಸೀಮೆಗಿಂತ ಒಳ್ಳೆಯ ಜಾಗ ಹೆಚ್ಚಿಲ್ಲ. ಸೊಲ್ಲಾಪುರ–ಕಲಬುರಗಿ ರೈಲುಮಾರ್ಗದಲ್ಲಿ ಅಕ್ಕಲಕೋಟ ರೋಡ್ ಮತ್ತು ದುಧನಿ ನಿಲ್ದಾಣಗಳ ನಡುವೆ ಇರುವ ಈ ಕನ್ನಡ ಊರನ್ನು ನಡುವಿಟ್ಟು ನೋಡಿದರೆ, ಬೋರಿ ಹೊಳೆಯ ದಂಡೆಯ ನಳದುರ್ಗ, ಸೊಲ್ಲಾಪುರದಾಚೆಯ ಪರಂಡಾ, ದಕ್ಷಿಣಕ್ಕೆ ವಿಜಯಪುರ, ಮೂಡಣಕ್ಕೆ ಕಲಬುರಗಿ, ಅದಕ್ಕೂ ಕೆಳಗೆ ಬೇಡರ ಸುರಪುರ ಹೀಗೆ ಮದ್ದುಗುಂಡಿನ ಯುದ್ಧ ಕಂಡ ಕೋಟೆಗಳೇ ಸುತ್ತಲೂ ನಿಂತಿವೆ. ಆದರೂ ಹಳ್ಳಿಗಳ ಮನೆಗಳಲ್ಲಿ ಹಳೆಯ ಬಂದೂಕು ಸಿಗುವುದು ಅಪರೂಪ; ಸಿಕ್ಕರೂ ಅದರ ಸ್ಥಿತಿ ಇತಿಹಾಸಕಾರನಿಗೆ ಸಂತೋಷ ತರುವಂಥದಲ್ಲ.

ಈ ಅಭಾವಕ್ಕೆ ಕಾಲದ ಸವೆತಕ್ಕಿಂತ ಸರ್ಕಾರದ ಆಜ್ಞೆಯೇ ಹೆಚ್ಚಿನ ಕಾರಣ. 1857ರ ದಂಗೆಯ ವರ್ಷದಲ್ಲಿ ಬಂದ ನಿಶ್ಶಸ್ತ್ರೀಕರಣದ ಕಾಯ್ದೆ ಜನರ ಕೈಯಲ್ಲಿದ್ದ ಆಯುಧಗಳನ್ನು ಒಪ್ಪಿಸುವಂತೆ ಕೇಳಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಅದನ್ನು ಧಿಕ್ಕರಿಸಿದಾಗ ಆ ವರ್ಷದ ನವೆಂಬರ್ ಕೊನೆಯಲ್ಲಿ ಊರಿಗೇ ಬೆಂಕಿ ಬಿತ್ತು, ಡಿಸೆಂಬರಿನಲ್ಲಿ ಹಿಡಿದವರನ್ನು ಗಲ್ಲಿಗೇರಿಸಲಾಯಿತು. ಮುಂದೆ 1878ರಲ್ಲಿ ಲಾರ್ಡ್ ಲಿಟ್ಟನ್ನನ ಕಾಲದ ಶಸ್ತ್ರಾಸ್ತ್ರ ಕಾಯ್ದೆ ಪರವಾನಿಗೆಯಿಲ್ಲದೆ ಬಂದೂಕು ಇಟ್ಟುಕೊಳ್ಳುವುದನ್ನೇ ಅಪರಾಧವಾಗಿಸಿತು. ಒಪ್ಪಿಸಿದ ಬಂದೂಕುಗಳು ನಾಶವಾದವು, ಬಚ್ಚಿಟ್ಟವು ನೆಲದಲ್ಲಿ ತುಕ್ಕು ತಿಂದವು, ಇನ್ನು ಕೆಲವು ಕಮ್ಮಾರನ ಕುಲುಮೆಯಲ್ಲಿ ಕುಡ, ಕುರ್ಚಿಗಿಗಳಾದವು. ಸಂಸ್ಥಾನಿಕರಿಗೆ ಮಾತ್ರ ಈ ಕಾಯ್ದೆಗಳ ಬಿಸಿ ತಟ್ಟಲಿಲ್ಲ. ಆದ್ದರಿಂದ ದಖ್ಖನಿನ ಹಳೆಯ ಬಂದೂಕುಗಳನ್ನು ಇಂದು ಅರಮನೆಗಳಲ್ಲಿ ಹುಡುಕಬೇಕಾಗಿದೆಯೇ ಹೊರತು, ಅವುಗಳನ್ನು ಹೊತ್ತು ನಡೆದವರ ಮನೆಗಳಲ್ಲಲ್ಲ.

ಅಕ್ಕಲಕೋಟ ಅಂಥದೊಂದು ಅರಮನೆಯ ಊರು. 1707ರಲ್ಲಿ ಮೊಗಲರ ಸೆರೆಯಿಂದ ಬಿಡುಗಡೆಯಾಗಿ ಸಾತಾರೆಯತ್ತ ಬರುತ್ತಿದ್ದ ಶಾಹು ಮಹಾರಾಜರಿಗೂ ಪಾರದ ಊರಿನ ಲೋಖಂಡೆ ಮನೆತನದ ಪಾಟೀಲನಿಗೂ ಕಾಳಗ ನಡೆದು ಪಾಟೀಲ ಮಡಿದನೆಂದೂ, ಅವನ ಹೆಂಡತಿ ತನ್ನ ಮಗುವನ್ನು ಶಾಹುವಿನ ಆಶ್ರಯಕ್ಕೆ ಒಪ್ಪಿಸಿದಳೆಂದೂ, ಗೆಲುವಿನ ನೆನಪಿಗೆ ಫತೇಸಿಂಹ ಎಂಬ ಹೆಸರು ಪಡೆದ ಆ ಮಗುವೇ ಬೆಳೆದು ಭೋಸಲೆ ಮನೆತನದವನಾಗಿ ಅಕ್ಕಲಕೋಟದ ಜಹಗೀರು ಪಡೆದನೆಂದೂ ಸಂಸ್ಥಾನದ ಚರಿತ್ರೆ ಹೇಳುತ್ತದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ 498 ಚದರ ಮೈಲಿ ವಿಸ್ತಾರವಿದ್ದ, 1901ರ ಜನಗಣತಿಯಲ್ಲಿ 82,047 ಜನರಿದ್ದ ಈ ಚಿಕ್ಕ ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಪ್ರಜೆಗಳಲ್ಲಿ ಬಹುಮಂದಿ ಕನ್ನಡಿಗರು, ದರಬಾರಿನ ಭಾಷೆ ಮರಾಠಿ. ರಾಜ್ಯ ಹೋದರೂ ಉಳಿದದ್ದು ಹೊಸ ಅರಮನೆಯ ಶಸ್ತ್ರಾಗಾರ. ಊರಿನ ಸಂತ ಸ್ವಾಮಿ ಸಮರ್ಥರ ದರ್ಶನಕ್ಕೆ ಬರುವ ಲಕ್ಷಾಂತರ ಭಕ್ತರಲ್ಲಿ ಅತ್ತ ಹೆಜ್ಜೆ ಹಾಕುವವರು ಕೆಲವರೇ, ಹಾಗೆ ಹೋದವರ ಕಣ್ಣೂ ಕತ್ತಿ ಕಠಾರಿಗಳ ಹೊಳಪಿನ ಮೇಲೆ ನಿಲ್ಲುತ್ತದೆ. ಬಂದೂಕನ್ನು ನೋಡಲು ಸ್ವಲ್ಪ ತಿಳಿವಳಿಕೆ ಬೇಕು.

ಬಾಯಿಂದ ತುಂಬುವ ಬಂದೂಕುಗಳಲ್ಲಿ ಕಿಡಿ ಹೊತ್ತಿಸುವ ಬಗೆಯನ್ನು ಅನುಸರಿಸಿ ಮುಖ್ಯವಾಗಿ ಮೂರು ಜಾತಿಗಳಿವೆ. ಎಲ್ಲಕ್ಕೂ ಹಳೆಯದು ಬತ್ತಿಯ ಬಂದೂಕು, ಮರಾಠಿಯ ದಾಖಲೆಗಳಲ್ಲಿ ಬರುವ ತೋಡ್ಯಾಚಿ ಬಂದೂಕ: ಪೆಟ್ಲುಪ್ಪಿನ ನೀರಿನಲ್ಲಿ ನೆನೆಸಿ ಒಣಗಿಸಿದ್ದರಿಂದ ನಿಧಾನವಾಗಿ ಉರಿಯುವ ಹತ್ತಿಯ ಹುರಿಯೊಂದು ಕೊಕ್ಕಿನಂಥ ಕಬ್ಬಿಣದ ತುದಿಯಲ್ಲಿ ಸಿಕ್ಕಿಕೊಂಡಿರುತ್ತದೆ, ಕೆಳಗಿನ ಕೊಕ್ಕೆಯನ್ನು ಬೆರಳಿನಿಂದ ಎಳೆದಾಗ ಅದು ನಳಿಗೆಯ ಪಕ್ಕದ ಪುಟ್ಟ ಬಟ್ಟಲಿಗೆ ಬಾಗಿ, ಅಲ್ಲಿಟ್ಟ ನುಣ್ಣನೆಯ ಮದ್ದನ್ನು ಹೊತ್ತಿಸುತ್ತದೆ, ಆ ಉರಿ ಸಣ್ಣ ತೂತಿನ ಮೂಲಕ ಒಳಗಿನ ಮದ್ದಿಗೆ ದಾಟುತ್ತದೆ. ಎರಡನೆಯದು ಚಕಮಕಿ ಬಂದೂಕು. ಇದರಲ್ಲಿ ಕುದುರೆ ಎಂದು ಕರೆಯುವ ಬಾಗಿದ ತೋಳಿನ ಬಾಯಲ್ಲಿ ಚಕಮಕಿ ಕಲ್ಲಿದ್ದು, ಅದು ಉಕ್ಕಿನ ತಗಡಿಗೆ ಬಡಿದಾಗ ಕಿಡಿ ಹುಟ್ಟುತ್ತದೆ. ಯುರೋಪಿನ ಸೈನ್ಯಗಳು ಹದಿನೆಂಟನೆಯ ಶತಮಾನದ ಹೊತ್ತಿಗೆ ಪೂರ್ತಿ ಇದಕ್ಕೆ ಬದಲಾದರೂ ದಖ್ಖನಿನ ಬೇಡರು, ಪಾಳೆಯಗಾರರ ಕಾಲಾಳುಗಳು ಬತ್ತಿಯ ಬಂದೂಕನ್ನು ಬಹುಕಾಲ ಬಿಡಲಿಲ್ಲ. ಅದನ್ನು ಹಿಂದುಳಿದ ಬುದ್ಧಿ ಎಂದು ಬರೆದ ಆಂಗ್ಲ ಲೇಖಕರಿದ್ದಾರೆ. ಆದರೆ ಹಳ್ಳಿಯ ಕಮ್ಮಾರನೇ ಸರಿಪಡಿಸಬಹುದಾದ, ನಾಜೂಕಿನ ಸ್ಪ್ರಿಂಗ್ ಬೇಡದ, ಉದ್ದ ನಳಿಗೆಯ ಈ ಬಂದೂಕನ್ನು ಹಿಡಿದೇ ಸುರಪುರದ ಬಳಿಯ ವಾಗಿನಗೇರಿಯ ಬೇಡರು 1705ರಲ್ಲಿ ಔರಂಗಜೇಬನ ದಂಡನ್ನು ತಿಂಗಳುಗಟ್ಟಲೆ ತಡೆದರೆಂಬುದನ್ನು ಅವರು ಮರೆತಂತಿದೆ. ಮೂರನೆಯದು ಕೇಪಿನ ಬಂದೂಕು. ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸಿತ್ 1807ರಲ್ಲಿ ಹಕ್ಕುಪತ್ರ ಪಡೆದ, ಪೆಟ್ಟು ಬಿದ್ದರೆ ಸಿಡಿಯುವ ರಾಸಾಯನಿಕದ ತತ್ತ್ವವನ್ನು ಆಧರಿಸಿ ಮುಂದೆ ತಾಮ್ರದ ಪುಟ್ಟ ಟೋಪಿಗಳು ಬಂದವು. ನಳಿಗೆಯ ಬುಡದ ತೊಟ್ಟಿನ ಮೇಲೆ ಅಂಥ ಟೋಪಿಯನ್ನು ಕೂರಿಸಿ, ಅದರ ಮೇಲೆ ಕುದುರೆ ಬಡಿಯುವಂತೆ ಮಾಡಿದರೆ ಮಳೆಯಲ್ಲೂ ಬಂದೂಕು ಕೈಕೊಡುವುದು ಕಡಿಮೆ.

ಸಂಗ್ರಾಹಕನಿಗೆ ಇವುಗಳ ವಯಸ್ಸನ್ನು ಹೇಳುವುದು ಕೆತ್ತನೆಗಿಂತ ಹೆಚ್ಚಾಗಿ ಮುದ್ರೆಗಳು ಮತ್ತು ಮಾರ್ಪಾಡುಗಳು. ಈಸ್ಟ್ ಇಂಡಿಯಾ ಕಂಪನಿಯ ಚಕಮಕಿ ಬಂದೂಕಿನ ಯಂತ್ರಫಲಕದ ಮೇಲೆ ಹೃದಯಾಕಾರದ ವ್ಯಾಪಾರಮುದ್ರೆಯಿದ್ದರೆ ಅದು ಸುಮಾರು 1808ಕ್ಕಿಂತ ಹಿಂದಿನದು, ಹಿಂಗಾಲ ಮೇಲೆ ನಿಂತ ಸಿಂಹವಿದ್ದರೆ ಆಮೇಲಿನದು. 1857ರ ತರುವಾಯ ದೇಶೀ ಸಿಪಾಯಿಗಳ ಕೈಗೆ ನಿಖರವಾದ ಬಂದೂಕು ಕೊಡಬಾರದೆಂದು, ಎನ್‌ಫೀಲ್ಡ್ ರೈಫಲಿನ ನಳಿಗೆಯೊಳಗಿನ ಸುರುಳಿ ಗೆರೆಗಳಿಲ್ಲದ ನುಣುಪು ನಳಿಗೆಯ ಮಾದರಿಯನ್ನೇ ಅವರಿಗಾಗಿ ಹೊರತರಲಾಯಿತು; ಹೀಗೆ ಒಂದು ನಳಿಗೆಯೊಳಗೆ ದೀಪ ಹಿಡಿದು ಇಣುಕಿದರೆ ಆಳುವವರ ಅಪನಂಬಿಕೆಯೂ ಓದಲು ಸಿಗುತ್ತದೆ. ಚಕಮಕಿಯಿಂದ ಕೇಪಿಗೆ ಬದಲಾಯಿಸಿದ ಬಂದೂಕುಗಳೂ ಸಾಕಷ್ಟಿವೆ. ಅಂಥದನ್ನು ಮತ್ತೆ ಚಕಮಕಿಗೆ ತಿರುಗಿಸಿ ಮೂಲರೂಪಕ್ಕೆ ತಂದೆವೆಂದು ಮಾರುವವರು ಹೆಚ್ಚಿನ ಬೆಲೆ ಪಡೆಯಬಹುದು, ಆದರೆ ಆ ಬಂದೂಕಿನ ಅರ್ಧ ಆಯುಷ್ಯವನ್ನು ಅಳಿಸಿ ಹಾಕುತ್ತಾರೆ.

ನಳಿಗೆಯ ತಯಾರಿಕೆಯೂ ಗಮನಿಸಬೇಕಾದದ್ದು. ಒಳ್ಳೆಯ ದೇಶೀ ನಳಿಗೆಗಳನ್ನು ಕಬ್ಬಿಣದ ಪಟ್ಟಿಯನ್ನು ಸರಳಿನ ಸುತ್ತ ಸುರುಳಿಯಾಗಿ ಸುತ್ತಿ, ಕಾಯಿಸಿ, ಬಡಿದು, ಅಂಚಿಗೆ ಅಂಚು ಬೆಸೆದು ಮಾಡುತ್ತಿದ್ದರು. ಪಟ್ಟಿಯ ಗುರುತುಗಳು ಮೇಲ್ಮೈಯಲ್ಲಿ ಅಲೆಯಂತೆ ಕಾಣುತ್ತವೆ. ಇದೇ ಕುಲುಮೆಯ ವಿದ್ಯೆ ದೊಡ್ಡ ಪ್ರಮಾಣದಲ್ಲಿ ತೋಪುಗಳಲ್ಲಿ ಕಾಣುತ್ತದೆ: ವಿಜಯಪುರದ ಉಪಲಿ ಬುರುಜಿನ ಮೇಲಿನ, ಮೂವತ್ತು ಅಡಿಗೂ ಉದ್ದದ ತೋಪು ಕಬ್ಬಿಣದ ಉದ್ದ ಪಟ್ಟಿಗಳನ್ನು ಜೋಡಿಸಿ, ಮೇಲೆ ಕಾದ ಬಳೆಗಳನ್ನು ಬಿಗಿದು ಮಾಡಿದ್ದು. ನಳದುರ್ಗದ ಉಪಲಿ ಬುರುಜಿನ ಮೇಲೆ ಹಾಥಿ ತೋಪು, ಮಗರ ತೋಪುಗಳಿವೆ. ಇವಕ್ಕೆ ಭಿನ್ನವಾಗಿ ಮಲಿಕ್-ಎ-ಮೈದಾನ್ ಎರಕದ ಕೆಲಸ. 1549ರಲ್ಲಿ ಅಹಮದನಗರದಲ್ಲಿ ಮುಹಮ್ಮದ್ ರೂಮಿ ಎರಕ ಹೊಯ್ದ, ಸುಮಾರು 55 ಟನ್ ತೂಗುವ ಈ ಕಂಚಿನ ತೋಪನ್ನು ಪರಂಡಾ ಕೋಟೆಯಿಂದ 1632ರಲ್ಲಿ ವಿಜಯಪುರಕ್ಕೆ ಎಳೆದು ತಂದರು. 1854ರಲ್ಲಿ ನಿರುಪಯುಕ್ತ ಸಾಮಾನುಗಳನ್ನು ಹರಾಜು ಹಾಕಬೇಕೆಂಬ ಸಾತಾರೆಯ ಅಧಿಕಾರಿಗಳ ಆಜ್ಞೆಯಂತೆ ಇದನ್ನೂ ಹರಾಜಿಗಿಟ್ಟಾಗ ಬಂದ ಅತಿ ಹೆಚ್ಚಿನ ಕೂಗು 150 ರೂಪಾಯಿ. ಬೆಲೆ ತೀರ ಕಡಿಮೆಯಾಯಿತೆಂದು ಮಾಮಲೇದಾರ ಮೇಲಕ್ಕೆ ಬರೆದದ್ದರಿಂದ ಮಾರಾಟ ರದ್ದಾಯಿತು. ತೋಪು ಉಳಿದದ್ದು ಇತಿಹಾಸಪ್ರಜ್ಞೆಯಿಂದಲ್ಲ, ಲೆಕ್ಕಪತ್ರದ ಎಚ್ಚರದಿಂದ.

ಇನ್ನು ಜೋಪಾನದ ವಿಷಯ. ಹಳೆಯ ಬಂದೂಕು ಕೈಗೆ ಬಂದೊಡನೆ ಮಾಡಬೇಕಾದ ಮೊದಲ ಕೆಲಸ ಅದು ಬಾರಾಗಿದೆಯೇ ಎಂದು ನೋಡುವುದು. ಕರಿಮದ್ದು, ಅಂದರೆ ಪೆಟ್ಲುಪ್ಪು, ಇದ್ದಿಲು ಮತ್ತು ಗಂಧಕಗಳ ಮಿಶ್ರಣ, ಒಣಗಿದ್ದರೆ ನೂರಾರು ವರ್ಷ ಕೆಡದೆ ಉಳಿಯಬಲ್ಲದು; ತುಂಬಿದ ಬಾರನ್ನು ಹಾರಿಸದೆ ಗೋಡೆಗೆ ತೂಗುಹಾಕಿದ ಬಂದೂಕುಗಳು ವಸ್ತುಸಂಗ್ರಹಾಲಯಗಳಲ್ಲಿಯೂ ಪತ್ತೆಯಾಗಿವೆ. ಪರೀಕ್ಷೆ ಸುಲಭ. ನಳಿಗೆಯ ಬಾಯಿಯನ್ನು ಜನರಿಲ್ಲದ ದಿಕ್ಕಿಗೆ ಇಟ್ಟು, ತನ್ನ ಮೈಯನ್ನೂ ಅದರ ಎದುರಿನಿಂದ ಸರಿಸಿಕೊಂಡು, ಉದ್ದನೆಯ ಮರದ ಕೋಲನ್ನು ತಳ ಮುಟ್ಟುವವರೆಗೆ ಮೆಲ್ಲನೆ ಇಳಿಸಿ, ಬಾಯಿಯ ಅಂಚಿನಲ್ಲಿ ಕೋಲಿಗೆ ಗುರುತು ಹಾಕಬೇಕು. ಆಮೇಲೆ ಅದೇ ಕೋಲನ್ನು ನಳಿಗೆಯ ಹೊರಮೈಗೆ ಹಿಡಿದು ಗುರುತನ್ನು ಬಾಯಿಗೆ ಸರಿಹೊಂದಿಸಿದಾಗ ಅದರ ತುದಿ ಬುಡದ ತೂತಿನವರೆಗೆ ಬಂದರೆ ನಳಿಗೆ ಖಾಲಿ, ಒಂದೆರಡು ಅಂಗುಲ ಹಿಂದೆಯೇ ನಿಂತರೆ ಒಳಗೆ ಏನೋ ಇದೆ. ಆ ಏನೋ ಜೇಡನ ಬಲೆ, ಕಸ, ತುಕ್ಕಿನ ಉಂಡೆ ಏನೂ ಆಗಿರಬಹುದು. ಆದರೆ ಬಾರು ಎಂದೇ ನಂಬಿ, ಸರಳಿನಿಂದ ಕುಟ್ಟದೆ, ಕಾಯಿಸದೆ, ಕೊರೆಯದೆ, ಪೊಲೀಸರಿಗೆ ತಿಳಿಸಿ ಪರವಾನಿಗೆಯುಳ್ಳ ಬಂದೂಕು ದುರಸ್ತಿಗಾರನಿಂದಲೇ ತೆಗೆಸಬೇಕು.

ಕರಿಮದ್ದು ಉರಿದಾಗ ಅದರ ಅರ್ಧಕ್ಕೂ ಹೆಚ್ಚು ಭಾಗ ಅನಿಲವಾಗದೆ ಪೊಟ್ಯಾಸಿಯಂ ಲವಣಗಳಂಥ ಘನಪದಾರ್ಥವಾಗುತ್ತದೆ, ಅದರಲ್ಲಿ ಒಂದಿಷ್ಟು ಹೊಗೆಯಲ್ಲಿ ಹೋಗಿ ಉಳಿದದ್ದು ನಳಿಗೆಯಲ್ಲಿ ಕಿಟ್ಟವಾಗಿ ಕೂರುತ್ತದೆ. ಈ ಲವಣಗಳು ಗಾಳಿಯ ತೇವವನ್ನು ಹೀರುತ್ತವೆ, ತೇವ ಕಬ್ಬಿಣವನ್ನು ತಿನ್ನುತ್ತದೆ. ಅವು ಕರಗುವುದು ನೀರಿನಲ್ಲಿ ಮಾತ್ರ. ಆದ್ದರಿಂದಲೇ ಹಳೆಯ ಸಿಪಾಯಿಗಳು ಹಾರಿಸಿದ ಬಂದೂಕನ್ನು ಬಿಸಿನೀರಿನಿಂದ ತೊಳೆದು, ಒಣಗಿಸಿ, ಆಮೇಲೆ ಎಣ್ಣೆ ಸವರುತ್ತಿದ್ದರು. ನೀರೆಂದರೆ ತುಕ್ಕು ಎಂಬ ಹೆದರಿಕೆಯಿಂದ ಬರೀ ಸೀಮೆಎಣ್ಣೆ ಹಾಕಿ ಒರೆಸುವವರು ಕಿಟ್ಟದ ಮೇಲೆ ಎಣ್ಣೆಯ ಹೊದಿಕೆ ಹೊದಿಸಿ ಒಳಗೊಳಗೇ ನಳಿಗೆ ಕೊರೆಯುವಂತೆ ಮಾಡುತ್ತಾರೆ. ಆದರೆ ಈ ತೊಳೆಯುವ ವಿಧಾನ ಈಚೆಗೆ ಹಾರಿಸಿದ, ಬಳಕೆಯಲ್ಲಿರುವ ಕೋವಿಗೆ ಸೇರಿದ್ದು. ಶತಮಾನದ ಹಿಂದೆ ಕೊನೆಯ ಬಾರು ಹಾರಿಸಿದ, ಮರದ ಹಿಡಿಕೆಗೆ ಹಿತ್ತಾಳೆಯ ಪಟ್ಟಿಗಳಿಂದ ಬಿಗಿದ ಬತ್ತಿಯ ಬಂದೂಕಿಗೆ ನೀರು ಸುರಿದರೆ ಅದು ಹಿಡಿಕೆಯ ಸಂದಿಗೆ ಇಳಿದು ಅಲ್ಲಿಯೇ ನಿಲ್ಲುತ್ತದೆ. ಅಂಥದಕ್ಕೆ ಒಣಬಟ್ಟೆ, ಮೃದು ಕುಂಚ, ತೆಳುವಾದ ಖನಿಜತೈಲ ಮತ್ತು ಮೇಣವೇ ಸಾಕು.

ಎಣ್ಣೆಯ ಆಯ್ಕೆಯಲ್ಲಿ ಸೊಲ್ಲಾಪುರ ಸೀಮೆಯವರು ವಿಶೇಷ ಎಚ್ಚರ ವಹಿಸಬೇಕು. ಅಡುಗೆಮನೆಯಲ್ಲಿ ಕೈಗೆ ಸಿಗುವ ಕುಸುಬಿ ಎಣ್ಣೆ, ಅಗಸೆ ಎಣ್ಣೆಗಳು ಗಾಳಿಗೆ ಒಣಗಿ ಅಂಟಾಗುವ ಜಾತಿಯವು. ಮರದ ಹಿಡಿಕೆಗೆ ಅಗಸೆ ಎಣ್ಣೆ ಒಂದಿಷ್ಟು ಹಿತವಾದರೂ, ಅದೇ ಎಣ್ಣೆ ಕುದುರೆಯ ಕೀಲಿಗೋ ಒಳಗಿನ ಸ್ಪ್ರಿಂಗಿಗೋ ಬಿದ್ದರೆ ವರ್ಷದೊಳಗೆ ಅಂಟಿನಂತೆ ಗಟ್ಟಿಯಾಗಿ, ಮುಂದೆ ಬಲವಂತವಾಗಿ ಎಳೆದವನ ಕೈಯಲ್ಲಿ ಸ್ಪ್ರಿಂಗ್ ಮುರಿಯುತ್ತದೆ. ಹವೆಯ ವಿಷಯದಲ್ಲಿ ಈ ಸೀಮೆ ಕಬ್ಬಿಣಕ್ಕೆ ಅನುಕೂಲ, ಮರಕ್ಕೆ ಪ್ರತಿಕೂಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಒಣಬಿಸಿಲಿಗೆ ಬೀಟೆ, ಸಾಗುವಾನಿಗಳ ಹಿಡಿಕೆ ಕುಗ್ಗಿ ಬಿರುಕುಬಿಡುತ್ತದೆ, ನಳಿಗೆ ಬಿಗಿದ ಪಟ್ಟಿಗಳು ಸಡಿಲವಾಗುತ್ತವೆ; ಮುಂಗಾರು ಬಂದಾಗ ಅದೇ ಮರ ಮತ್ತೆ ಉಬ್ಬುತ್ತದೆ. ಹೀಗೆ ಕುಗ್ಗುತ್ತ ಉಬ್ಬುತ್ತ ಹೋಗುವುದನ್ನು ತಡೆಯಲು ಬಂದೂಕನ್ನು ಹೊರಗೋಡೆಗೆ ತಾಗದಂತೆ, ಬಿಸಿಲು ಬೀಳದ ಒಳಕೋಣೆಯಲ್ಲಿ ಮಲಗಿಸಿಡುವುದು ದುಬಾರಿ ಯಂತ್ರಗಳಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಚರ್ಮದ ಚೀಲದಲ್ಲಿ ಮುಚ್ಚಿಡುವುದು ಮಾತ್ರ ತಪ್ಪು. ಹದ ಮಾಡಿದ ಚರ್ಮದ ಆಮ್ಲ ಹಿತ್ತಾಳೆಯನ್ನೂ ಕಬ್ಬಿಣವನ್ನೂ ತಿನ್ನುತ್ತದೆ.

ಖಂಡೆ ನವಮಿಯ ದಿನ ಆಯುಧಗಳನ್ನು ತೊಳೆದು ಪೂಜಿಸುವ ಪದ್ಧತಿ ಅರಮನೆಯಿಂದ ಹಿಡಿದು ಒಕ್ಕಲಿನ ಮನೆಯವರೆಗೂ ಇದೆ. ಈ ಪೂಜೆಯೇ ಎಷ್ಟೋ ಬಂದೂಕುಗಳನ್ನು ಗುಜರಿಗೆ ಹೋಗದಂತೆ ಕಾಪಾಡಿದೆಯೆಂಬುದು ನಿಜ. ವರ್ಷಕ್ಕೊಮ್ಮೆಯಾದರೂ ಯಾರೋ ಅದನ್ನು ಕೆಳಗಿಳಿಸಿ ನೋಡುತ್ತಾರೆ. ಆದರೆ ಹುಣಸೆಹಣ್ಣಿನಿಂದ ಹಿತ್ತಾಳೆ ತಿಕ್ಕುವುದು, ನಿಂಬೆಹಣ್ಣು ಹಿಂಡುವುದು, ತೆಂಗಿನ ನೀರು ಸಿಡಿಸುವುದು, ಕೆತ್ತನೆಯ ಗೆರೆಗಳಲ್ಲಿ ಅರಿಸಿನ ಕುಂಕುಮ ಮೆತ್ತಿ ಮುಂದಿನ ವರ್ಷದವರೆಗೆ ಹಾಗೆಯೇ ಬಿಡುವುದು ಇವೆಲ್ಲ ತುಕ್ಕಿಗೆ ಕೊಡುವ ಆಹ್ವಾನ. ಗಂಧಾಕ್ಷತೆಯನ್ನು ಬಂದೂಕಿನ ಕೆಳಗಿನ ಮಣೆಗೆ ಏರಿಸಿ, ಸಂಜೆಗೆ ಬಂದೂಕನ್ನು ಒಣಬಟ್ಟೆಯಲ್ಲಿ ಒರೆಸಿ ಮೇಣ ಸವರಿದರೆ ಆಚಾರಕ್ಕೂ ಲೋಪವಿಲ್ಲ, ಕಬ್ಬಿಣಕ್ಕೂ ಕೇಡಿಲ್ಲ.

ದುರಸ್ತಿಯೆಂದರೆ ಏನು ಎಂಬಲ್ಲಿಯೇ ಹೆಚ್ಚಿನ ಅನಾಹುತ ಆಗುತ್ತದೆ. ಕಂದುಬಣ್ಣದ, ಗಟ್ಟಿಯಾಗಿ ಕೂತ ಹಳೆಯ ತುಕ್ಕು ಒಂದು ರೀತಿಯಲ್ಲಿ ಲೋಹದ ರಕ್ಷಾಕವಚ; ಪುಡಿಯಾಗಿ ಉದುರುವ ಕಿತ್ತಳೆ ಬಣ್ಣದ ತುಕ್ಕು ಮಾತ್ರ ಜೀವಂತ ರೋಗ. ಇವೆರಡರ ಭೇದ ತಿಳಿಯದೆ ಮರಳುಕಾಗದದಿಂದ ತಿಕ್ಕಿ ಹೊಳಪು ತಂದ ನಳಿಗೆಯ ಮೇಲೆ ಸುರುಳಿಪಟ್ಟಿಯ ಅಲೆಗಳೂ, ಮಾಡಿದವನ ಮುದ್ರೆಯೂ, ಕೋಫ್ತಗರಿ ಎಂದು ಕರೆಯುವ, ಕಬ್ಬಿಣದ ಮೇಲೆ ಬೆಳ್ಳಿ ಬಂಗಾರದ ತಂತಿ ಬಡಿದು ಕೂರಿಸಿದ ಚಿತ್ತಾರವೂ ಒಮ್ಮೆಗೇ ಹೋಗುತ್ತವೆ. ತುಕ್ಕು ಹಿಡಿದ ತಿರುಪಿಗೆ ದಿನಗಟ್ಟಲೆ ಎಣ್ಣೆ ಬಿಟ್ಟು ಕಾಯುವ ತಾಳ್ಮೆ, ಅದರ ಸೀಳಿಗೆ ಸರಿಯಾಗಿ ಕೂಡುವಂತೆ ಅರದಿಂದ ತಿದ್ದಿಕೊಂಡ ತಿರುಪುಳಿ, ಬಿಚ್ಚುವ ಮೊದಲು ಪ್ರತಿ ಭಾಗದ ಚಿತ್ರ ಇವು ಒಳ್ಳೆಯ ದುರಸ್ತಿಗಾರನ ಲಕ್ಷಣಗಳು. ನಳಿಗೆಯ ಬುಡದ ಬಿರಡೆಯನ್ನು ಬಿಚ್ಚಲು ಹೋಗುವುದು ಅವನ ಲಕ್ಷಣವಲ್ಲ. ಕಳೆದುಹೋದ ಭಾಗವನ್ನು ಹೊಸದಾಗಿ ಮಾಡಿ ಕೂರಿಸಿದರೆ ಒಳಮೈಯಲ್ಲಿ ವರ್ಷವನ್ನು ಕೆತ್ತಬೇಕು. ಖಾಲಿ ಬಂದೂಕಿನ ಕುದುರೆಯನ್ನು ಆಟಕ್ಕೆ ಬಡಿಸುವುದಂತೂ ಕೂಡದು, ಕೇಪಿನ ತೊಟ್ಟು ಚಪ್ಪಟೆಯಾಗುತ್ತದೆ.

ಕಾನೂನು ಕೂಡ ಈ ವಿವೇಕವನ್ನೇ ಬೆಂಬಲಿಸುತ್ತದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೆಯ ಕಲಮು ಬಳಕೆ ತಪ್ಪಿದ ಮಾದರಿಯ, ಪ್ರಾಚೀನ ಮೌಲ್ಯದ ಅಥವಾ ಕೆಟ್ಟುಹೋದ ಆಯುಧಗಳಿಗೆ ವಿನಾಯಿತಿ ಕೊಡುವಾಗ ಒಂದು ಷರತ್ತು ಹಾಕಿದೆ: ದುರಸ್ತಿ ಮಾಡಿದರೂ ಮಾಡದಿದ್ದರೂ ಅದು ಬಂದೂಕಾಗಿ ಬಳಕೆಗೆ ಬರುವಂತಿರಬಾರದು. ಬರೀ ನೂರಿನ್ನೂರು ವರ್ಷ ಹಳೆಯದೆಂಬ ಕಾರಣಕ್ಕೆ ವಿನಾಯಿತಿ ಸಿಗದು. ಹಾರಿಸಬಲ್ಲ ಸ್ಥಿತಿಗೆ ತಂದರೆ ಪರವಾನಿಗೆ ಬೇಕೇ ಬೇಕು. ಅಮೆರಿಕೆಯಲ್ಲಿ 1898 ಅಥವಾ ಅದಕ್ಕೂ ಮೊದಲು ತಯಾರಾದ ಬಂದೂಕನ್ನು 1968ರ ಒಕ್ಕೂಟ ಕಾಯ್ದೆ ಪ್ರಾಚೀನ ವಸ್ತುವೆಂದು ಹೊರಗಿಟ್ಟಿರುವುದರಿಂದ ಅಲ್ಲಿನ ಹವ್ಯಾಸಿಗಳು ಹಳೆಯದನ್ನು ಸರಿಪಡಿಸಿ ಹಾರಿಸುತ್ತಾರೆ. ಅವರ ಪುಸ್ತಕ ಓದಿ ಇಲ್ಲಿ ಅನುಕರಿಸುವುದು ಸೆರೆಮನೆಯ ದಾರಿ. ನಮ್ಮ 1959ರ ಕಾಯ್ದೆಯ 5ನೆಯ ಕಲಮಿನಂತೆ ವೃತ್ತಿಯಾಗಿ ಬಂದೂಕು ದುರಸ್ತಿ ಮಾಡುವುದಕ್ಕೂ ಪರವಾನಿಗೆ ಬೇಕು. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ಮೀರಿದ ವಸ್ತುಗಳನ್ನು ಖಾಸಗಿಯವರು ದೇಶದ ಹೊರಗೆ ಸಾಗಿಸುವಂತಿಲ್ಲ.

ಇದೇ 1959ರ ಕಾಯ್ದೆಯ 13ನೆಯ ಕಲಮು ಬೆಳೆ ರಕ್ಷಣೆಗೆ ಬಾಯಿಂದ ತುಂಬುವ ಬಂದೂಕಿನ ಪರವಾನಿಗೆ ಕೊಡಬೇಕೆಂದು ಹೆಸರೆತ್ತಿ ಹೇಳುತ್ತದೆ. ಕರಾವಳಿ, ಮಲೆನಾಡು, ಕಾಸರಗೋಡಿನ ತೋಟಗಳಲ್ಲಿ ಒಂಟಿ ನಳಿಗೆಯ ಕೇಪಿನ ಕೋವಿ ಉಳಿದದ್ದು ಈ ಆಸರೆಯಿಂದ. ಅಲ್ಲಿಯ ರೈತರ ದೂರು ಬೇರೆ: ಚುನಾವಣೆ ಬಂದಾಗಲೆಲ್ಲ ಠಾಣೆಗೆ ಒಪ್ಪಿಸಿದ ಕೋವಿ ಎಣ್ಣೆ ಕಾಣದೆ ತಿಂಗಳುಗಟ್ಟಲೆ ಮೂಲೆಯಲ್ಲಿರುತ್ತದೆ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಪರವಾನಿಗೆಯ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ವಿಸ್ತರಿಸಿದೆ. ಆಯುಧಪೂಜೆಯ ಕೈಲ್‌ಪೊಳ್ದ್ ಹಬ್ಬದಲ್ಲಿ ತೋಕ್‌ಪೂ ಎಂಬ ಹೂ ಮುಡಿಸಿಕೊಳ್ಳುವ ಅಲ್ಲಿನ ಕೋವಿ ಬಳಕೆಯಲ್ಲಿರುವುದರಿಂದಲೇ ಶುಭ್ರವಾಗಿದೆ. ಅಕ್ಕಲಕೋಟದ ಕಡೆ ಅಂಥ ಜೀವಂತ ಬಳಕೆ ಇಲ್ಲ. ಆದುದರಿಂದ ಇಲ್ಲಿಯ ಬಂದೂಕಿಗೆ ದಾಖಲೆಯೇ ಆಯುಷ್ಯ.

ದಾಖಲೆಯಿಲ್ಲದ ಸಂಗ್ರಹ ಹೇಗೆ ಚೆದುರುತ್ತದೆಂಬುದಕ್ಕೆ ನೇಪಾಳದ ಉದಾಹರಣೆ ಹತ್ತಿರದ್ದು. ಕಾಠ್ಮಂಡುವಿನ ಲಗನ್ ಸಿಲೇಖಾನಾ ಎಂಬ ಹಳೆಯ ಅರಮನೆಯಲ್ಲಿ ಪೇರಿಸಿಟ್ಟಿದ್ದ ಸಾವಿರಾರು ಬಂದೂಕುಗಳನ್ನು 2003ರಲ್ಲಿ ಅಮೆರಿಕೆಯ ವ್ಯಾಪಾರಿಗಳು ಒಟ್ಟಿಗೆ ಕೊಂಡರು; ಅವು ಈಗ ಒಂದೊಂದಾಗಿ ಯಾರ ಯಾರದೋ ಗೋಡೆಗಳ ಮೇಲಿವೆ. ಯಾವ ತುಕಡಿಯ ಬಳಿ ಯಾವುದಿತ್ತು ಎಂಬುದು ಇನ್ನು ಬಹುಮಟ್ಟಿಗೆ ತಿಳಿಯುವಂತಿಲ್ಲ. ಅಕ್ಕಲಕೋಟದ ಶಸ್ತ್ರಾಗಾರ ಇದ್ದಲ್ಲಿಯೇ ಉಳಿದಿರುವುದು ಆ ಮಟ್ಟಿಗೆ ಭಾಗ್ಯ. ಅದರ ಬಂದೂಕುಗಳಿಗೆ ಮರಾಠಿಯ ಜೊತೆಗೆ ಕನ್ನಡದಲ್ಲಿಯೂ ಸಚಿತ್ರ ಸೂಚಿಯೊಂದು ಬಂದರೆ, ಸಂಸ್ಥಾನದ ಪ್ರಜೆಗಳಾಗಿದ್ದವರ ಮಕ್ಕಳು ತಮ್ಮ ಭಾಷೆಯಲ್ಲಿಯೇ ಓದಬಲ್ಲರು.

ಗಡಿಭಾಗದ ಯಾವುದೇ ವಾಡೆಯ ಅಟ್ಟದಲ್ಲೋ ಮಠದ ಉಗ್ರಾಣದಲ್ಲೋ ಇಂಥ ಬಂದೂಕು ಇದ್ದರೆ, ಅದನ್ನು ತಿಕ್ಕದೆ, ಬಿಚ್ಚದೆ, ಹಾರಿಸಿ ನೋಡುವ ಆಸೆಗೆ ಬೀಳದೆ, ಮೊದಲು ಕೋಲಿನಿಂದ ಪರೀಕ್ಷಿಸಿ, ನಾಲ್ಕೂ ಕಡೆಯ ಚಿತ್ರ ತೆಗೆದು, ಉದ್ದ, ನಳಿಗೆಯ ಬಾಯಿಯ ಅಗಲ, ಮುದ್ರೆಗಳು ಮತ್ತು ಮನೆಯ ಹಿರಿಯರಿಗೆ ನೆನಪಿರುವಷ್ಟು ವೃತ್ತಾಂತವನ್ನು ಒಂದು ಹಾಳೆಯಲ್ಲಿ ಬರೆದಿಟ್ಟು, ಸೊಲ್ಲಾಪುರದ ಜಿಲ್ಲಾಧಿಕಾರಿ ಕಚೇರಿಯಲ್ಲಿ ಅದರ ಕಾನೂನಿನ ಸ್ಥಿತಿಯನ್ನು ಲಿಖಿತವಾಗಿ ಕೇಳಿಕೊಳ್ಳಬೇಕು. ಹೆದರಿ ಬಾವಿಗೆಸೆಯುವುದೂ ಬೇಡ, ಗುಜರಿಗೆ ಹಾಕುವುದೂ ಬೇಡ.